ಆ್ಯಪ್ ಯಾವುದೆಂಬುದು ಕೊನೆಯ ಪ್ರಶ್ನೆ: ಕುಟುಂಬಕ್ಕೆ ಆನ್‌ಲೈನ್ ಕೌನ್ಸೆಲಿಂಗ್ ಆರಿಸುವ ಬಗೆ

ಹೈಸ್ಕೂಲಿನಲ್ಲಿ ಪಾಠ ಹೇಳುವ ನನ್ನ ಬಳಿ ಪೋಷಕರು ಅಂಕಪಟ್ಟಿ ನೋಡುವ ನೆಪದಲ್ಲಿ ಬಂದು, ಹೊರಡುವ ಹೊತ್ತಿಗೆ ದನಿ ತಗ್ಗಿಸಿ ಕೇಳುವ ಮಾತೊಂದಿದೆ: "ಕೌನ್ಸೆಲಿಂಗಿಗೆ ಯಾವ ಆ್ಯಪ್ ಒಳ್ಳೆಯದು ಮೇಡಂ?" ಆ್ಯಪ್ ವಿಚಾರ ಕೊನೆಗೆ ನೋಡಿದರೂ ನಡೆಯುತ್ತದೆ. ಮೊದಲು ತೀರ್ಮಾನವಾಗಬೇಕಾದದ್ದು ಪರದೆಯ ಈಚೆ ಯಾರು ಕೂರಬೇಕು ಎಂಬುದು. ಮಗು ಮಾತ್ರವೇ, ಅಪ್ಪ ಅಮ್ಮ ಮಾತ್ರವೇ, ಅಥವಾ ಅಜ್ಜಿಯನ್ನೂ ಸೇರಿಸಿ ಮನೆಮಂದಿಯೆಲ್ಲವೇ? ಅದು ಗೊತ್ತಾದರೆ ಆಚೆ ಕಡೆ ಎಂಥವರು ಬೇಕು, ಎಷ್ಟು ಖರ್ಚು, ವಿಡಿಯೋ ಸಾಕೋ ಬಸ್ಸು ಹತ್ತಲೇಬೇಕೋ ಎಂಬುದೆಲ್ಲ ಬಹುಪಾಲು ತಾನಾಗಿಯೇ ಬಗೆಹರಿಯುತ್ತದೆ. ಇದನ್ನು ಯೋಚಿಸದೆ ಹಣ ಕಟ್ಟಿದವರು ಆರು ವರ್ಷದ ಮಗುವನ್ನು ಮುಕ್ಕಾಲು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂರಿಸಿ "ಆಂಟಿ ಹತ್ತಿರ ಮಾತಾಡು ಪುಟ್ಟ" ಎನ್ನುತ್ತಾರೆ. ಎರಡು ವಾರದಲ್ಲಿ ಮಗು ಕಲಿಯುವುದು ಕ್ಯಾಮೆರಾ ಆರಿಸುವ ಗುಂಡಿ ಎಲ್ಲಿದೆ ಎಂಬುದನ್ನು.

ಸಣ್ಣ ಮಕ್ಕಳಾದರೆ: ಅಪ್ಪ ಅಮ್ಮ ಕೂರಲಿ

ಏಳೆಂಟು ವರ್ಷದೊಳಗಿನ ಮಕ್ಕಳ ಹಠ, ಊಟದ ರಗಳೆ, ನಿದ್ದೆಯ ತಕರಾರು, ಹೊಡೆಯುವ ಚಾಳಿ, ತಮ್ಮನೋ ತಂಗಿಯೋ ಹುಟ್ಟಿದ ಮೇಲೆ ಶುರುವಾದ ಮುನಿಸು, ಇವಕ್ಕೆಲ್ಲ ನನ್ನ ಮೊದಲ ಆಯ್ಕೆ ಪೋಷಕರಷ್ಟೇ ಕೂರುವ ಆನ್‌ಲೈನ್ ಸೆಷನ್. ಇದಕ್ಕೆ ಪೋಷಕರ ತರಬೇತಿ ಎಂಬ ಹೆಸರಿದೆ. ಗಮನ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ, ಅಂದರೆ ಎಡಿಎಚ್‌ಡಿ ಇರುವ ಆರು ವರ್ಷದೊಳಗಿನ ಮಕ್ಕಳ ವಿಷಯದಲ್ಲೂ ಮಾತ್ರೆಗೆ ಮೊದಲು ಇದನ್ನೇ ಮಾಡಿ ನೋಡಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಮಾರ್ಗಸೂಚಿ ಹೇಳುತ್ತದೆ. "ತೊಂದರೆ ಮಗುವಿನದು, ನಮಗೇಕೆ ಪಾಠ?" ಎಂದು ಅನೇಕ ಅಪ್ಪಂದಿರು ಮುಖ ಗಂಟಿಕ್ಕುತ್ತಾರೆ. ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಮಗುವನ್ನು ನೋಡುವ ಮನಶ್ಶಾಸ್ತ್ರಜ್ಞರಿಗಿಂತ ದಿನವೆಲ್ಲ ಜೊತೆಗಿರುವ ನಿಮ್ಮ ನಡವಳಿಕೆಯಲ್ಲಾಗುವ ಸಣ್ಣ ಬದಲಾವಣೆ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ಇದರ ಹಿಂದಿನ ಲೆಕ್ಕ.

ಇಂಥ ಸೆಷನ್ ಹೇಗೆ ನಡೆಯುತ್ತದೆ ಎಂದು ಹತ್ತಿರದಿಂದ ನೋಡಿದರೆ ಅನುಮಾನ ಕಡಿಮೆಯಾಗುತ್ತದೆ. ಒಳ್ಳೆಯ ಮನಶ್ಶಾಸ್ತ್ರಜ್ಞೆ "ನಿಮ್ಮ ಮಗನ ಸ್ವಭಾವ ಹೇಗೆ?" ಎಂದು ಕೇಳುತ್ತಾ ಕೂರುವುದಿಲ್ಲ. ನಿನ್ನೆ ಸಂಜೆ ಟಿವಿ ಆರಿಸಿದ ಐದು ನಿಮಿಷವನ್ನು ಹಿಡಿದುಕೊಳ್ಳುತ್ತಾರೆ. ಆರಿಸುವ ಮೊದಲು ಏನೆಂದಿರಿ? ಅಡುಗೆಮನೆಯಿಂದ ಕೂಗಿ ಹೇಳಿದಿರೋ, ಪಕ್ಕಕ್ಕೆ ಹೋಗಿ ಹೇಳಿದಿರೋ? ಎಷ್ಟು ಸಲ ಹೇಳಿದಿರಿ? ಅವನು ಕಿರುಚಿದಾಗ ಯಾರು ಮೊದಲು ಸೋತರು? "ಅಜ್ಜ ರಿಮೋಟ್ ಕೊಟ್ಟುಬಿಟ್ಟರು" ಎಂಬ ಉತ್ತರ ಬರುತ್ತದೆ. ಅಲ್ಲಿಗೆ ಮುಂದಿನ ವಾರದ ಕೆಲಸ ಸಿಕ್ಕಿತು. ಒಂದೇ ಸಲ, ಹತ್ತಿರ ಹೋಗಿ, ಕಣ್ಣಳತೆಗೆ ಬಗ್ಗಿ ಹೇಳುವುದು. ಹೇಳಿದ್ದನ್ನು ನಡೆಸುವುದು. ಅಜ್ಜನಿಗೆ ಮೊದಲೇ ತಿಳಿಸಿಡುವುದು. ಕೇಳಿದರೆ ಸಪ್ಪೆ ಎನಿಸುವ ಸಲಹೆ. ಮಾಡಿ ನೋಡಿದವರಿಗೆ ಗೊತ್ತು, ನಾಲ್ಕನೆಯ ದಿನಕ್ಕೇ ಅದು ಎಷ್ಟು ಕಷ್ಟವೆಂದು. ಅದಕ್ಕಾಗಿಯೇ ವಾರವಾರ ಸೆಷನ್ ಬೇಕಾಗುವುದು.

ಇಲ್ಲಿ ವಿಡಿಯೋ ನೇರ ಭೇಟಿಗಿಂತ ಹಿಂದೆ ಬೀಳುವುದಿಲ್ಲ. ಕೆಲವು ಸಲ ಒಂದು ಕೈ ಮುಂದೆಯೇ ಇರುತ್ತದೆ. ಕ್ಲಿನಿಕ್ಕಿನಲ್ಲಿ ಮಗು ಮುದ್ದಾಗಿ ಕೂತಿರುತ್ತದೆ, ಮನೆಯಲ್ಲಿ ಅದರ ನಿಜರೂಪ ಕಾಣುತ್ತದೆ. ಊಟದ ಹೊತ್ತಿಗೆ ಮೊಬೈಲನ್ನು ಶೆಲ್ಫಿನ ಮೇಲೆ ನಿಲ್ಲಿಸಿಟ್ಟರೆ, ಯಾರು ತುತ್ತು ಹಿಡಿದು ಮಗುವಿನ ಹಿಂದೆ ಓಡುತ್ತಾರೆ, ಯಾರು ಪೇಪರಿನಿಂದ ತಲೆ ಎತ್ತುವುದಿಲ್ಲ ಎಂಬುದನ್ನು ಮನಶ್ಶಾಸ್ತ್ರಜ್ಞರು ಕಣ್ಣಾರೆ ನೋಡಬಹುದು.

ಹದಿಹರೆಯದವರಾದರೆ: ಬಾಗಿಲು ಹಾಕಿಕೊಳ್ಳಲು ಜಾಗವಿದೆಯೇ?

ಹದಿಮೂರು ದಾಟಿದವರ ಲೆಕ್ಕವೇ ಬೇರೆ. ಇಲ್ಲಿ ಮಗ ಅಥವಾ ಮಗಳು ಒಬ್ಬರೇ ಕೂರಬೇಕು, ಪೋಷಕರಿಗೆ ಆಗಾಗ ಬೇರೆ ಸಮಯ ಕೊಡಬೇಕು. ಆನ್‌ಲೈನ್ ಎಂದರೆ ಈ ವಯಸ್ಸಿನವರು ಬೇಗ ಒಪ್ಪುತ್ತಾರೆ. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಪಕ್ಕದ ಮನೆಯವರ ಕಣ್ಣಿಗೆ ಬೀಳುವ ಭಯವಿಲ್ಲ. ಆದರೆ ನಮ್ಮ ಮನೆಗಳಲ್ಲಿ ಖಾಸಗಿತನ ಎನ್ನುವುದು ದುಬಾರಿ ವಸ್ತು. ಎರಡು ಕೋಣೆಯ ಮನೆಯಲ್ಲಿ ಪಿಯುಸಿ ಓದುವ ಹುಡುಗಿ "ಅಮ್ಮನ ಮೇಲೆ ಸಿಟ್ಟು ಬರುತ್ತದೆ" ಎಂದು ಹೇಳಬೇಕು, ಅಮ್ಮ ಬಾಗಿಲಾಚೆ ಬಟ್ಟೆ ಮಡಿಸುತ್ತಿದ್ದಾಳೆ. ಇಯರ್‌ಫೋನ್ ಹಾಕಿಕೊಂಡರೆ ಮನಶ್ಶಾಸ್ತ್ರಜ್ಞರ ಮಾತು ಹೊರಗೆ ಕೇಳುವುದಿಲ್ಲ, ನಿಜ. ಹುಡುಗಿಯ ಮಾತು ಕೇಳುತ್ತದಲ್ಲ? ಹಾಗಾಗಿ ಹುಡುಗಿ "ಹೂಂ", "ಇಲ್ಲ", "ಪರವಾಗಿಲ್ಲ" ಎಂಬ ಮೂರು ಪದಗಳಲ್ಲಿ ಮುಕ್ಕಾಲು ಗಂಟೆ ಕಳೆಯುತ್ತಾಳೆ. ಕೊನೆಗೆ "ಆನ್‌ಲೈನ್ ಉಪಯೋಗವಿಲ್ಲ" ಎಂಬ ತೀರ್ಪು ಬರುತ್ತದೆ.

ಇದಕ್ಕೆ ಮನೆಮಂದಿ ಮಾಡಬಹುದಾದದ್ದು ಇದೆ. ಆ ಹೊತ್ತಿಗೆ ಎಲ್ಲರೂ ವಾಕಿಂಗ್ ಹೋಗಿ. ಬಾಗಿಲ ಹೊರಗೆ ಫ್ಯಾನೋ ರೇಡಿಯೋವೋ ಹಾಕಿಡಿ. ನಿಲ್ಲಿಸಿದ ಕಾರಿನಲ್ಲಿ ಕೂತು ಮಾತಾಡುವವರಿದ್ದಾರೆ, ತಾರಸಿಗೆ ಹೋಗುವವರಿದ್ದಾರೆ. ಇದ್ಯಾವುದೂ ಆಗದ ಮನೆಯಾದರೆ ಹದಿಹರೆಯದವರಿಗೆ ನೇರ ಭೇಟಿಯೇ ಸರಿ, ಆನ್‌ಲೈನಿನ ಎಲ್ಲ ಅನುಕೂಲಗಳೂ ಈ ಒಂದು ಕೊರತೆಯ ಮುಂದೆ ಸೋಲುತ್ತವೆ.

ಇನ್ನೊಂದು ವಿಷಯವನ್ನು ಮೊದಲ ದಿನವೇ ಮಗ, ಪೋಷಕರು, ಮನಶ್ಶಾಸ್ತ್ರಜ್ಞರು ಮೂರೂ ಕಡೆಯವರು ಕೂತು ಇತ್ಯರ್ಥ ಮಾಡಿಕೊಳ್ಳಬೇಕು: ಮಗ ಹೇಳಿದ್ದರಲ್ಲಿ ಯಾವುದು ಅಪ್ಪ ಅಮ್ಮನಿಗೆ ತಲುಪುತ್ತದೆ, ಯಾವುದು ತಲುಪುವುದಿಲ್ಲ. ಪ್ರಾಣಾಪಾಯದ ಸುಳಿವಿದ್ದರೆ ತಿಳಿಸುತ್ತಾರೆ. ಲೈಂಗಿಕ ದೌರ್ಜನ್ಯ ನಡೆದಿದ್ದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವಿಷಯ ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ಮನಶ್ಶಾಸ್ತ್ರಜ್ಞರಿಗೂ ವಿನಾಯಿತಿ ಇಲ್ಲ. ಪ್ರೀತಿ, ಸಿಗರೇಟು, ಕಾಲೇಜಿಗೆ ಚಕ್ಕರ್ ಹಾಕಿದ್ದು ಇವೆಲ್ಲ ಸಾಮಾನ್ಯವಾಗಿ ಅವರ ನಡುವೆಯೇ ಉಳಿಯುತ್ತವೆ. "ಹಣ ಕಟ್ಟುವುದು ನಾವು, ನಮಗೆ ಎಲ್ಲ ಹೇಳಬೇಕು" ಎನ್ನುವ ಪೋಷಕರ ಮಾತಿಗೆ ಒಪ್ಪಿ ವರದಿ ಒಪ್ಪಿಸುವ ಮನಶ್ಶಾಸ್ತ್ರಜ್ಞರ ಬಳಿ ಮಕ್ಕಳನ್ನು ಕಳುಹಿಸಬೇಡಿ.

ಇಡೀ ಕುಟುಂಬವಾದರೆ: ಪರದೆಗೆ ಅತಿ ಕಷ್ಟದ ಕೆಲಸ

ಅತ್ತೆ ಸೊಸೆಯ ಶೀತಲ ಸಮರ, ಅಪ್ಪ ಮಗನ ನಡುವೆ ನಿಂತುಹೋದ ಮಾತು, ಮಕ್ಕಳನ್ನು ಬೆಳೆಸುವ ರೀತಿಯಲ್ಲಿ ಗಂಡ ಹೆಂಡತಿಯ ಭಿನ್ನಾಭಿಪ್ರಾಯ, ಇವು ಒಬ್ಬರನ್ನು ಕೂರಿಸಿ ಬಗೆಹರಿಸುವಂಥವಲ್ಲ. ಆದರೆ ಐದು ಜನ ಒಂದು ಸೋಫಾದಲ್ಲಿ ಒತ್ತಿಕೊಂಡು ಕೂತು, ಒಂದು ಫೋನಿನ ಕಡೆ ನೋಡುತ್ತಾ ನಡೆಸುವ ಸೆಷನ್ ಅರ್ಧ ಕುರುಡು. ಇಬ್ಬರು ಒಟ್ಟಿಗೆ ಮಾತಾಡಿದರೆ ಇಬ್ಬರದೂ ಕೇಳುವುದಿಲ್ಲ. ಚೌಕಟ್ಟಿನ ಅಂಚಿನಲ್ಲಿ ಅರ್ಧ ಭುಜ ಮಾತ್ರ ಕಾಣುವ ಅಪ್ಪನ ಮುಖ ಕಲ್ಲಾಗಿದ್ದು ಯಾರಿಗೂ ತಿಳಿಯುವುದಿಲ್ಲ. ಕುಟುಂಬ ಚಿಕಿತ್ಸೆಯಲ್ಲಿ ಯಾರ ಪಕ್ಕ ಯಾರು ಕೂತಿದ್ದಾರೆ, ಅಮ್ಮ ಮಾತಾಡುವಾಗ ಮಗಳು ಯಾರ ಕಡೆ ನೋಡುತ್ತಾಳೆ ಎಂಬುದೇ ಮುಖ್ಯ ಸಾಮಗ್ರಿ. ಕುರ್ಚಿ ಬದಲಿಸಿ ಕೂರಿಸುವುದೂ ಚಿಕಿತ್ಸೆಯ ಭಾಗ. ಫೋನಿನ ಪರದೆಯಲ್ಲಿ ಇದಕ್ಕೆಲ್ಲ ಜಾಗ ಕಡಿಮೆ.

ನನ್ನ ಅಭಿಪ್ರಾಯ ಇಷ್ಟು: ಮೂರು ಜನರವರೆಗೆ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ. ಅದಕ್ಕಿಂತ ಹೆಚ್ಚಾದರೆ ಮೊದಲ ಒಂದೆರಡು ಭೇಟಿ ಎದುರೆದುರು ಮಾಡಿ, ಆಮೇಲೆ ಆನ್‌ಲೈನಿಗೆ ಬನ್ನಿ. ಮನೆಮಂದಿ ಬೇರೆ ಬೇರೆ ಊರುಗಳಲ್ಲಿದ್ದರೆ ಮಾತ್ರ ಕತೆ ತಿರುವುಮುರುವಾಗುತ್ತದೆ. ಅಪ್ಪ ದುಬೈಯಲ್ಲಿ, ಅಮ್ಮ ಮಗಳು ಮಂಗಳೂರಿನಲ್ಲಿ, ಅಜ್ಜ ಕುಂದಾಪುರದಲ್ಲಿ ಎಂದಾದರೆ ಸಂಜೆ ಆರೂವರೆಗೆ, ಅಂದರೆ ದುಬೈನ ಐದು ಗಂಟೆಗೆ, ಮೂರು ಪರದೆಗಳಲ್ಲಿ ನಾಲ್ವರೂ ಪೂರ್ತಿ ಮುಖ ತೋರಿಸುತ್ತಾ ಕೂರುವುದು ಬೇರೆ ಯಾವ ರೀತಿಯಲ್ಲೂ ಸಾಧ್ಯವಿರಲಿಲ್ಲ. ಬೇರೆಯಾಗಿರುವ ಗಂಡ ಹೆಂಡತಿ ಮಗುವಿನ ಓದು, ರಜೆ, ಖರ್ಚಿನ ಬಗ್ಗೆ ಮಾತಾಡಿಕೊಳ್ಳಲು ಸಹ ಇದೇ ಅನುಕೂಲ, ಒಂದೇ ಕೋಣೆಯಲ್ಲಿ ಕೂರುವ ಕಸಿವಿಸಿ ತಪ್ಪುತ್ತದೆ.

ಕುಟುಂಬ ಸೆಷನ್ನಿಗೆ ಬರುವವರಲ್ಲಿ ಬಹುತೇಕರು ಪಂಚಾಯಿತಿಗೆ ಬಂದಂತೆ ಬರುತ್ತಾರೆ. ತಪ್ಪು ಯಾರದೆಂದು ಹೇಳಿಬಿಡಿ ಎಂಬುದು ಅವರ ಬೇಡಿಕೆ. ಪಕ್ಷ ಹಿಡಿದು ತೀರ್ಪು ಕೊಡುವ ಮನಶ್ಶಾಸ್ತ್ರಜ್ಞರು ಮೊದಲ ವಾರ ಬಲು ಹಿತವೆನಿಸುತ್ತಾರೆ, ಗೆದ್ದವರಿಗೆ. ಸೋತವರು ಮರುವಾರ ಲಾಗಿನ್ ಆಗುವುದಿಲ್ಲ.

ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಜೊತೆಯಾಗಿ ಸೆಷನ್ ಬೇಡವೇ ಬೇಡ, ಆನ್‌ಲೈನ್ ಅಂತೂ ಖಂಡಿತ ಬೇಡ. ಕರೆ ಮುಗಿದ ಮೇಲೆ ಏಟು ತಿನ್ನುವವಳು ಅದೇ ಮನೆಯಲ್ಲಿ, ಹೊಡೆಯುವ ಅದೇ ಮನುಷ್ಯನ ಜೊತೆ ಉಳಿಯುತ್ತಾಳೆ. ಆಡಿದ ಮಾತಿಗೆ ರಾತ್ರಿ ಬೆಲೆ ತೆರಬೇಕಾಗುತ್ತದೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಮಕ್ಕಳಿಗೆ 1098, ಇವು ಮೊದಲು. ತಾಲ್ಲೂಕುಗಳಲ್ಲಿರುವ ಸಾಂತ್ವನ ಕೇಂದ್ರಗಳಲ್ಲೂ ಆಪ್ತಸಮಾಲೋಚನೆ ಸಿಗುತ್ತದೆ.

ಆಚೆ ಕಡೆ ಕೂರುವವರು ಯಾರು?

ಮನೋವೈದ್ಯರು ಎಂಬಿಬಿಎಸ್ ಓದಿದ ಮೇಲೆ ಮನೋವೈದ್ಯಶಾಸ್ತ್ರ ಓದಿದವರು, ಔಷಧಿ ಬರೆಯುವ ಅಧಿಕಾರ ಅವರಿಗಿದೆ. ಮನಶ್ಶಾಸ್ತ್ರಜ್ಞರಿಗೆ ಇಲ್ಲ. ಮನಶ್ಶಾಸ್ತ್ರಜ್ಞರಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಕರೆದುಕೊಳ್ಳಬೇಕಾದರೆ ಭಾರತೀಯ ಪುನರ್ವಸತಿ ಮಂಡಳಿಯಲ್ಲಿ, ಅಂದರೆ ಆರ್‌ಸಿಐನಲ್ಲಿ ನೋಂದಣಿ ಬೇಕು. ಇದಕ್ಕೆ 1992ರ ಕಾಯ್ದೆಯ ಬಲವಿದೆ. ಬಹುಕಾಲ ಇವರ ಗುರುತು ಎರಡು ವರ್ಷದ ಎಂ.ಫಿಲ್ ಪದವಿಯಾಗಿತ್ತು. ಈಗ ಕೋರ್ಸುಗಳ ಹೆಸರು ಬದಲಾಗುತ್ತಿರುವುದರಿಂದ ಪದವಿಯ ಹೆಸರಿಗಿಂತ ನೋಂದಣಿ ಸಂಖ್ಯೆ ಕೇಳುವುದೇ ಜಾಣತನ. ಸಂಖ್ಯೆ ಕೊಟ್ಟರೆ ಮಂಡಳಿಯ ಜಾಲತಾಣದಲ್ಲಿ ನೀವೇ ಪರಿಶೀಲಿಸಬಹುದು. ಕೇಳಿದ್ದಕ್ಕೆ ಸಿಟ್ಟಾಗುವವರಿಂದ ದೂರ ಇರಿ.

ಕೌನ್ಸೆಲರ್ ಎಂಬ ಫಲಕದ ಕತೆ ಬೇರೆ. ಮನಶ್ಶಾಸ್ತ್ರದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಮಾಡಿ, ಹಿರಿಯರ ಕೈಕೆಳಗೆ ವರ್ಷಗಟ್ಟಲೆ ಪಳಗಿದವರೂ ಕೌನ್ಸೆಲರ್, ವಾರಾಂತ್ಯದ ಸರ್ಟಿಫಿಕೇಟ್ ಕೋರ್ಸ್ ಮಾಡಿದವರೂ ಕೌನ್ಸೆಲರ್. ಇವರನ್ನೂ ನೋಂದಣಿಯ ವ್ಯಾಪ್ತಿಗೆ ತರಲು 2021ರಲ್ಲಿ ಕೇಂದ್ರ ಕಾಯ್ದೆಯೊಂದು ಬಂದಿದೆ, ಆದರೂ ಸದ್ಯಕ್ಕೆ ವಿಚಾರಿಸುವ ಹೊಣೆ ನಿಮ್ಮದೇ.

ಹೆಚ್ಚಿನವರ ಗಮನಕ್ಕೆ ಬಾರದ ಇನ್ನೊಂದು ವರ್ಗವಿದೆ: ಮನೋವೈದ್ಯಕೀಯ ಸಮಾಜಕಾರ್ಯಕರ್ತರು. ಹೆಸರು ಕೇಳಿದರೆ ಸರ್ಕಾರಿ ಫೈಲು ಹಿಡಿದು ಓಡಾಡುವವರೆಂದು ಅನಿಸಬಹುದು. ನಿಮ್ಹಾನ್ಸ್‌ನಂಥ ಕಡೆ ಕುಟುಂಬ ಚಿಕಿತ್ಸೆಯ ದೊಡ್ಡ ಪಾಲು ಇವರ ಕೈಯಲ್ಲೇ ನಡೆಯುತ್ತದೆ. ಇಡೀ ಮನೆಯ ತೊಂದರೆಯಾದರೆ, ಒಬ್ಬೊಬ್ಬರನ್ನೇ ನೋಡಿ ಅಭ್ಯಾಸವಿರುವ ದೊಡ್ಡ ಹೆಸರಿನ ಮನಶ್ಶಾಸ್ತ್ರಜ್ಞರಿಗಿಂತ ಕುಟುಂಬಗಳ ಜೊತೆ ಕೆಲಸ ಮಾಡಿದ ಸಮಾಜಕಾರ್ಯಕರ್ತೆಯನ್ನು ನಾನು ಆರಿಸುತ್ತೇನೆ.

ಭಾಷೆಯ ವಿಷಯದಲ್ಲಿ ರಾಜಿ ಬೇಡ. ಮನೆಯಲ್ಲಿ ಜಗಳ ಯಾವ ಭಾಷೆಯಲ್ಲಿ ನಡೆಯುತ್ತದೋ ಸೆಷನ್ನೂ ಆ ಭಾಷೆಯಲ್ಲೇ ನಡೆಯಬೇಕು. ಮಗನ ಇಂಗ್ಲಿಷ್ ಚೆನ್ನಾಗಿದೆ ಎಂದು ಇಂಗ್ಲಿಷಿನ ಮನಶ್ಶಾಸ್ತ್ರಜ್ಞರನ್ನು ಹಿಡಿದರೆ, ಅಮ್ಮ ಪ್ರತಿ ವಾಕ್ಯಕ್ಕೂ ತಡವರಿಸುತ್ತಾ ಮಗನೇ ದುಭಾಷಿಯಾಗುತ್ತಾನೆ. ಅಮ್ಮನ ದೂರನ್ನು ಮಗನೇ ಅನುವಾದಿಸಿ ಹೇಳುವ ಚಂದವನ್ನು ಊಹಿಸಿಕೊಳ್ಳಿ. ಆನ್‌ಲೈನಿನ ನಿಜವಾದ ವರ ಇಲ್ಲಿದೆ: ಪುಣೆಯಲ್ಲೋ ದೆಹಲಿಯಲ್ಲೋ ಇರುವ ಕನ್ನಡದ ಮನೆಗೂ ಧಾರವಾಡದ ಕನ್ನಡ ಮಾತಾಡುವ ಮನಶ್ಶಾಸ್ತ್ರಜ್ಞರು ಸಿಗುತ್ತಾರೆ.

ದುಡ್ಡಿಲ್ಲದ ದಾರಿ, ದುಡ್ಡಿನ ದಾರಿ

ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 2022ರ ಅಕ್ಟೋಬರ್ 10ರಂದು ಶುರುವಾಯಿತು. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡಬಹುದು. ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಸಿಗುತ್ತಾರೆ, ಬೇಕೆನಿಸಿದರೆ ತಜ್ಞರಿಗೆ ದಾಟಿಸುತ್ತಾರೆ. ದೇಶಕ್ಕೆಲ್ಲ ಇದರ ಮೇಲುಸ್ತುವಾರಿ ನಮ್ಮ ನಿಮ್ಹಾನ್ಸ್‌ನದು. ರಾತ್ರಿ ಹನ್ನೊಂದಕ್ಕೆ ಮಗಳು ಬಾಗಿಲು ಹಾಕಿಕೊಂಡು ಅಳುತ್ತಿದ್ದಾಳೆ, ಏನು ಮಾಡಲಿ ಎಂಬ ಗಳಿಗೆಗೆ, ಅಥವಾ ನಮಗೆ ಮನೋವೈದ್ಯರು ಬೇಕೋ ಮನಶ್ಶಾಸ್ತ್ರಜ್ಞರೋ ಎಂಬ ಗೊಂದಲಕ್ಕೆ ಇದಕ್ಕಿಂತ ಒಳ್ಳೆಯ ಮೊದಲ ಹೆಜ್ಜೆ ಇಲ್ಲ. ಒಬ್ಬರೇ ಮನಶ್ಶಾಸ್ತ್ರಜ್ಞರು ಮೂರು ತಿಂಗಳು ವಾರವಾರ ನಿಮ್ಮ ಮನೆಯ ಕತೆಯನ್ನು ಹಿಡಿದು ನಡೆಸಬೇಕೆಂದರೆ ಸಹಾಯವಾಣಿ ಆ ಕೆಲಸಕ್ಕೆ ಇರುವುದಲ್ಲ.

ಸರ್ಕಾರಿ ಆಸ್ಪತ್ರೆಯ ದಾರಿಯನ್ನು ಮಧ್ಯಮವರ್ಗ ಸುಮ್ಮನೆ ಕಡೆಗಣಿಸುತ್ತದೆ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಮಾಡಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಈಗ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿದರೆ ಈ ಕಾರ್ಯಕ್ರಮದ ತಂಡ ಸಿಗುತ್ತದೆ. ಮನೋಚೈತನ್ಯ ಎಂಬ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯಕೀಯ ಚಿಕಿತ್ಸಾಲಯ ನಡೆಸುವ ಯೋಜನೆಯೂ ರಾಜ್ಯದಲ್ಲಿದೆ. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಅಂತೂ ಇದ್ದೇ ಇವೆ. ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆ ಪ್ರತ್ಯೇಕ ವಿಭಾಗವಿದೆ, ಮೊಬೈಲ್ ಮತ್ತು ಗೇಮ್ ಗೀಳಿಗೆ 2014ರಿಂದ ಶಟ್ ಕ್ಲಿನಿಕ್ ಇದೆ, ಕುಟುಂಬವನ್ನೇ ಒಟ್ಟಾಗಿ ದಾಖಲಿಸಿಕೊಂಡು ಚಿಕಿತ್ಸೆ ಕೊಡುವ ಕುಟುಂಬ ಮನೋವೈದ್ಯಕೀಯ ಕೇಂದ್ರವೂ ಇದೆ. ಸರದಿ ದೊಡ್ಡದು, ಬೆಳಿಗ್ಗೆ ಬೇಗ ಹೋಗಬೇಕು, ಶುಲ್ಕ ಅತ್ಯಲ್ಪ.

ಖಾಸಗಿಯಲ್ಲಿ ಎರಡು ಬಗೆ. ಮನಶ್ಶಾಸ್ತ್ರಜ್ಞರನ್ನೇ ನೇರವಾಗಿ ಹುಡುಕಿ ವಿಡಿಯೋ ಸೆಷನ್ ಗೊತ್ತುಮಾಡಿಕೊಳ್ಳುವುದು ಒಂದು, ಆ್ಯಪಿನ ಮೂಲಕ ಹೋಗುವುದು ಇನ್ನೊಂದು. ಆ್ಯಪಿನಲ್ಲಿ ನಾಳೆಯೇ ಸಮಯ ಸಿಗುತ್ತದೆ, ಫೋಟೋ ನೋಡಿ ಆರಿಸಬಹುದು, ಇಷ್ಟವಾಗದಿದ್ದರೆ ಬದಲಿಸುವುದೂ ಸುಲಭ. ಆದರೆ ಅಲ್ಲಿನ ವ್ಯವಸ್ಥೆಯೆಲ್ಲ ಒಬ್ಬ ವ್ಯಕ್ತಿಯನ್ನು ಮನಸ್ಸಿನಲ್ಲಿಟ್ಟು ಕಟ್ಟಿದ್ದು: ಒಂದು ಲಾಗಿನ್, ಒಂದು ಹೆಸರು, ಮುಕ್ಕಾಲು ಗಂಟೆ. ಇಡೀ ಮನೆ ಮಾತಾಡಲು ಒಂದರಿಂದ ಒಂದೂವರೆ ಗಂಟೆ ಬೇಕು. ಜೊತೆಗೆ ಮನಶ್ಶಾಸ್ತ್ರಜ್ಞರು ಆ್ಯಪ್ ಬಿಟ್ಟು ಹೋದರೆ ನಿಮ್ಮ ಕತೆಯನ್ನು ಮತ್ತೆ ಮೊದಲಿನಿಂದ ಹೇಳಬೇಕು. ಪೋಷಕರ ತರಬೇತಿಗಾದರೆ ಆ್ಯಪ್ ಆದೀತು, ಕುಟುಂಬ ಚಿಕಿತ್ಸೆಗೆ ನೇರವಾಗಿ ವ್ಯಕ್ತಿಯನ್ನೇ ಹುಡುಕಿ. ಸಂದೇಶಗಳಲ್ಲೇ ನಡೆಯುವ ಚಾಟ್ ಥೆರಪಿ, ಬೆಂಗಳೂರಿನಲ್ಲೇ ಹುಟ್ಟಿದ ವೈಸಾದಂಥ, ಮನುಷ್ಯರ ಬದಲು ಯಂತ್ರವೇ ಉತ್ತರಿಸುವ ಚಾಟ್‌ಬಾಟ್‌ಗಳು ಒಬ್ಬರ ಚಿಂತೆ ಹಗುರ ಮಾಡಿಕೊಳ್ಳಲು ನೆರವಾಗಬಹುದು. ಮೂರು ಜನರ ಜಗಳ ಅವುಗಳ ಕೆಲಸವಲ್ಲ.

ಖರ್ಚನ್ನು ಒಂದು ಸೆಷನ್ನಿನ ದರದಲ್ಲಿ ನೋಡಬೇಡಿ. ಸೆಷನ್ನಿಗೆ ಒಂದೂವರೆ ಸಾವಿರ ರೂಪಾಯಿ ಎಂದಿಟ್ಟುಕೊಂಡರೆ, ಪೋಷಕರ ತರಬೇತಿಗೆ ಕನಿಷ್ಠ ಎಂಟು ಸೆಷನ್ ಎಂದು ಹಿಡಿದರೂ 12,000 ರೂಪಾಯಿ. ಹತ್ತು ಸೆಷನ್ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂಬ ಪ್ಯಾಕೇಜನ್ನು ಮೊದಲ ಎರಡು ಸೆಷನ್ ಮುಗಿಯುವವರೆಗೆ ಮುಟ್ಟಬೇಡಿ. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದಾದರೂ ಬಹುತೇಕ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದಾಗ ಮಾತ್ರ ಹಣ ಕೊಡುತ್ತವೆ. ಹೊರರೋಗಿ ಖರ್ಚು ಸೇರಿದೆಯೇ ಎಂದು ಪಾಲಿಸಿಯಲ್ಲಿ ನೋಡಿಕೊಳ್ಳಿ. ಕೆಲವು ಐಟಿ ಕಂಪನಿಗಳು ನೌಕರರ ಮನೆಯವರಿಗೂ ನಾಲ್ಕಾರು ಉಚಿತ ಸೆಷನ್ ಕೊಡುತ್ತವೆ, ಎಚ್‌ಆರ್ ವಿಭಾಗದ ಹಳೆಯ ಮೇಲ್‌ಗಳಲ್ಲಿ ಆ ವಿವರ ಹೂತುಹೋಗಿರುತ್ತದೆ.

ಖಾಸಗಿತನದ ಬಗ್ಗೆ ಒಂದು ನಿಜ ಸಂಗತಿ: ಅಮೆರಿಕದ ಬೆಟರ್‌ಹೆಲ್ಪ್ ಎಂಬ ದೊಡ್ಡ ಆನ್‌ಲೈನ್ ಥೆರಪಿ ಕಂಪನಿ ಬಳಕೆದಾರರ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್‌ನಂಥ ಕಂಪನಿಗಳಿಗೆ ಕೊಟ್ಟಿತೆಂಬ ಆರೋಪದ ಮೇಲೆ, ಅಲ್ಲಿನ ವ್ಯಾಪಾರ ಆಯೋಗ 2023ರಲ್ಲಿ 78 ಲಕ್ಷ ಡಾಲರ್ ಕಟ್ಟಿಸಿತು. ದೊಡ್ಡ ಹೆಸರೇ ಭದ್ರತೆ ಎಂದು ನಂಬುವ ಹಾಗಿಲ್ಲ. ಆ್ಯಪಿಗೆ ಫೇಸ್‌ಬುಕ್ ಖಾತೆಯಿಂದ ಲಾಗಿನ್ ಆಗಬೇಡಿ, ಆರಂಭದ ಪ್ರಶ್ನಾವಳಿಯಲ್ಲಿ ಮನೆಯ ಗುಟ್ಟೆಲ್ಲ ಬರೆಯಬೇಡಿ. ಸೆಷನ್ ಯಾರೂ ರೆಕಾರ್ಡ್ ಮಾಡುವುದಿಲ್ಲ ಎಂಬ ಮಾತನ್ನು ಎರಡೂ ಕಡೆಯಿಂದ ತೆಗೆದುಕೊಳ್ಳಿ. ವಿಚ್ಛೇದನದ ಹಾದಿಯಲ್ಲಿರುವ ಮನೆಗಳಲ್ಲಿ ಗುಟ್ಟಾಗಿ ರೆಕಾರ್ಡ್ ಮಾಡಿ ವಕೀಲರಿಗೆ ಕೊಡುವ ಆಸೆ ಬರುತ್ತದೆ. ಮಗು ಯಾರ ಬಳಿ ಇರಬೇಕೆಂದು ಚಿಕಿತ್ಸೆ ಕೊಡುವ ಮನಶ್ಶಾಸ್ತ್ರಜ್ಞರಿಂದ ಪತ್ರ ಬರೆಸಿಕೊಳ್ಳುವ ಯೋಚನೆಯೂ ಬೇಡ. ಅದು ನ್ಯಾಯಾಲಯ ಬೇರೆಯವರಿಂದ ಮಾಡಿಸುವ ಕೆಲಸ.

ಬಸ್ಸು ಹತ್ತಲೇಬೇಕಾದ ಸಂದರ್ಭಗಳು

ಎರಡು ವರ್ಷವಾದರೂ ಮಾತು ಬಂದಿಲ್ಲ, ಹೆಸರು ಕರೆದರೆ ತಿರುಗುವುದಿಲ್ಲ, ಕಣ್ಣಿಗೆ ಕಣ್ಣು ಸೇರಿಸುವುದಿಲ್ಲ ಎಂದಾದರೆ ವಿಡಿಯೋ ಕರೆಯಲ್ಲಿ ಕಾಲ ಕಳೆಯಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಅಥವಾ ಜಿಲ್ಲಾಸ್ಪತ್ರೆಯ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರದಲ್ಲಿ ಮೊದಲು ಶ್ರವಣ ಪರೀಕ್ಷೆ, ಬೆಳವಣಿಗೆಯ ಪರೀಕ್ಷೆ ಆಗಲಿ. ಬುದ್ಧಿಶಕ್ತಿ ಪರೀಕ್ಷೆ, ಕಲಿಕಾ ನ್ಯೂನತೆಯ ಪರೀಕ್ಷೆಗಳೂ ಅಷ್ಟೇ. ಅಕ್ಷರ ಬರೆಯುವಾಗ ಮಗು ಪೆನ್ಸಿಲ್ ಹಿಡಿಯುವ ಬಗೆ, ಸಾಲು ತಪ್ಪುವ ಕಡೆ, ದಣಿಯುವ ಹೊತ್ತು ಇವೆಲ್ಲ ಎದುರಿಗೆ ಕೂತವರಿಗೆ ಮಾತ್ರ ಕಾಣುತ್ತವೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ರಿಯಾಯಿತಿಗೆ ಬೇಕಾದ ಪ್ರಮಾಣಪತ್ರ ಆನ್‌ಲೈನ್ ಹರಟೆಯಿಂದ ಹುಟ್ಟುವುದಿಲ್ಲ. ಒಂಬತ್ತನೆಯ ತರಗತಿಯಲ್ಲೇ ಈ ಕೆಲಸ ಮುಗಿಸಿ ಎಂದು ಮೇಷ್ಟರುಗಳು ಹೇಳುವುದು ಸುಮ್ಮನೆ ಅಲ್ಲ.

ಎಡಿಎಚ್‌ಡಿಗೆ ಸಾಮಾನ್ಯವಾಗಿ ಕೊಡುವ ಮೀಥೈಲ್‌ಫೆನಿಡೇಟ್ ಔಷಧಿಯನ್ನು 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಆನ್‌ಲೈನಿನಲ್ಲಿ ಬರೆದುಕೊಡುವಂತಿಲ್ಲ. ಆದ್ದರಿಂದ ತರಬೇತಿ ಆನ್‌ಲೈನ್, ಔಷಧಿ ನೇರ ಭೇಟಿ ಎಂಬ ಜೋಡಣೆ ಬೇಕಾಗುತ್ತದೆ. ಊಟ ಬಿಟ್ಟು ತೂಕ ಇಳಿಯುತ್ತಿರುವ ಮಕ್ಕಳಿಗೂ ತೂಕ, ನಾಡಿ, ರಕ್ತದೊತ್ತಡ ನೋಡುವ ವೈದ್ಯರು ಬೇಕೇ ಬೇಕು. ಕೈ ಕೊಯ್ದುಕೊಂಡಿದ್ದರೆ, ಸಾಯುವ ಮಾತು ಆಡುತ್ತಿದ್ದರೆ ಮುಂದಿನ ವಾರದ ಸೆಷನ್ನಿಗೆ ಕಾಯಬೇಡಿ. ಮಕ್ಕಳನ್ನು ಒಂಟಿಯಾಗಿ ಬಿಡದೆ, ಮನೆಯಲ್ಲಿರುವ ಕೀಟನಾಶಕ ಮತ್ತು ಮಾತ್ರೆಗಳನ್ನು ತೆಗೆದಿಟ್ಟು, 14416ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಹೊರಡಿ.

ಸಾಗರದಾಚೆಯ ಕನ್ನಡಿಗರಿಗೆ

ಅಮೆರಿಕದಲ್ಲಿರುವವರಿಗೆ ಊರಿನ ಕನ್ನಡದ ಮನಶ್ಶಾಸ್ತ್ರಜ್ಞರು ಅಗ್ಗ, ಅಜ್ಜಿಯ ಮಾತೂ ಅವರಿಗೆ ಅರ್ಥವಾಗುತ್ತದೆ. ಆದರೆ ಅಲ್ಲಿ ಪರವಾನಗಿ ಕೊಡುವುದು ಆಯಾ ರಾಜ್ಯ, ರೋಗಿ ಇರುವ ಜಾಗದ ಕಾನೂನು ಲೆಕ್ಕಕ್ಕೆ ಬರುತ್ತದೆ. ಭಾರತದಲ್ಲಿ ಕೂತವರು ಬರೆದ ವರದಿಯನ್ನು ಅಲ್ಲಿನ ಶಾಲೆ, ವಿಮೆ, ನ್ಯಾಯಾಲಯ ಒಪ್ಪುತ್ತವೆಂದು ನಂಬಿ ಕೂರಬೇಡಿ. ಮಗುವಿಗೆ ಶಾಲೆಯಲ್ಲಿ ವಿಶೇಷ ಸೌಲಭ್ಯ ಬೇಕಾದರೆ ಅಲ್ಲಿನ ಪರವಾನಗಿ ಇರುವವರೇ ಆಗಬೇಕು. ಗಂಡ ಹೆಂಡತಿಯ ಮುನಿಸು, ಊರಿನಿಂದ ಬಂದ ಅತ್ತೆ ಮಾವನ ಜೊತೆಗಿನ ಇರುಸುಮುರುಸು ಇಂಥವಕ್ಕೆ ಸಂಬಂಧಗಳ ಒಳಸುಳಿ ಬಲ್ಲವರು ಸಿಕ್ಕರೆ ಚೆಂದ. ಅಮೆರಿಕದ ಹಲವು ರಾಜ್ಯಗಳಲ್ಲಿ ಪರವಾನಗಿ ಪಡೆದ ಭಾರತೀಯ ಮೂಲದ ಮನಶ್ಶಾಸ್ತ್ರಜ್ಞರನ್ನು ಮೊದಲು ಹುಡುಕಿ ನೋಡಿ. ಮಗುವಿನ ಮೇಲೆ ಕೈ ಮಾಡಿದ ವಿಷಯ ಬಂದರೆ ಅಲ್ಲಿನ ಮನಶ್ಶಾಸ್ತ್ರಜ್ಞರಿಗೆ ಸರ್ಕಾರಕ್ಕೆ ವರದಿ ಮಾಡುವ ಕಾನೂನಿನ ಹೊಣೆ ಇರಬಹುದು, ಅದರ ಮಿತಿ ಏನೆಂದು ಮೊದಲ ಭೇಟಿಯಲ್ಲೇ ಕೇಳಿ ತಿಳಿದುಕೊಳ್ಳಿ. ಬ್ರಿಟನ್ನಿನಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಎಂಬ ಬಿರುದಿಗೆ ನೋಂದಣಿ ಕಡ್ಡಾಯ, ಬರೀ ಸೈಕಾಲಜಿಸ್ಟ್ ಎಂದು ಬರೆದುಕೊಳ್ಳಲು ಬೇಕಿಲ್ಲ.

ಮೊದಲ ಕರೆಯಲ್ಲಿ ಕೇಳಬೇಕಾದದ್ದು

ಹತ್ತು ಹದಿನೈದು ನಿಮಿಷದ ಪರಿಚಯದ ಕರೆಗೆ ಒಪ್ಪುವವರನ್ನು ಆರಿಸಿ. ನಿಮ್ಮ ತೊಂದರೆಯನ್ನು ಎರಡು ವಾಕ್ಯದಲ್ಲಿ ಹೇಳಿ, ಇಂಥ ಮನೆಗಳೊಂದಿಗೆ ಕೆಲಸ ಮಾಡಿದ್ದೀರಾ, ಮೊದಲ ಸೆಷನ್ನಿಗೆ ಯಾರು ಯಾರು ಕೂರಬೇಕು ಎಂದು ಕೇಳಿ. "ಮೊದಲು ನೀವಿಬ್ಬರೂ ಬನ್ನಿ, ಮಗುವನ್ನು ಆಮೇಲೆ ನೋಡೋಣ" ಎಂಬಂಥ ಉತ್ತರ ಬಂದರೆ ಅವರು ಯೋಚಿಸಿದ್ದಾರೆ ಎಂದರ್ಥ. "ಯಾರು ಬೇಕಾದರೂ ಬನ್ನಿ, ಹತ್ತು ಸೆಷನ್ನಿನಲ್ಲಿ ಸರಿಮಾಡುತ್ತೇನೆ" ಎಂದರೆ ಧನ್ಯವಾದ ಹೇಳಿ ಫೋನ್ ಇಡಿ. ಸೆಷನ್ ನಡುವೆ ಕರೆಂಟ್ ಹೋದರೆ, ನೆಟ್‌ವರ್ಕ್ ಕಡಿದರೆ ಉಳಿದ ಸಮಯಕ್ಕೆ ಏನು ಮಾಡುತ್ತೀರಿ ಎಂಬುದನ್ನೂ ಕೇಳಿಡಿ, ಮಲೆನಾಡಿನ ಮಳೆಗಾಲದಲ್ಲಿ ಇದು ಚಿಲ್ಲರೆ ಪ್ರಶ್ನೆಯಲ್ಲ. ತುರ್ತಿದ್ದರೆ ನಿಮ್ಮ ಊರಿನ ಯಾವ ಆಸ್ಪತ್ರೆಗೆ ಕಳುಹಿಸುತ್ತಾರೆ ಎಂಬುದು ಗೊತ್ತಿರಬೇಕು. ದೂರದ ಮನಶ್ಶಾಸ್ತ್ರಜ್ಞರು ಮೊದಲ ದಿನವೇ ನಿಮ್ಮ ವಿಳಾಸ ಮತ್ತು ಮನೆಯ ಇನ್ನೊಬ್ಬರ ಫೋನ್ ಸಂಖ್ಯೆ ಬರೆದುಕೊಂಡರೆ ಅನುಮಾನ ಪಡಬೇಡಿ, ಅದು ಸರಿಯಾದ ಪದ್ಧತಿ.

ನಾಲ್ಕೈದು ಸೆಷನ್ ಆದ ಮೇಲೆ ಮನೆಯಲ್ಲಿ ಯಾವುದಾದರೂ ಒಂದು ನಿರ್ದಿಷ್ಟ ವಿಷಯ, ಬೆಳಗಿನ ಶಾಲೆಯ ಗಡಿಬಿಡಿಯೋ ರಾತ್ರಿಯ ಮೊಬೈಲ್ ಜಗಳವೋ, ಅಲ್ಪಸ್ವಲ್ಪವಾದರೂ ಬದಲಾಗಿರಬೇಕು. ಇಲ್ಲವಾದರೆ ಅದನ್ನು ಮನಶ್ಶಾಸ್ತ್ರಜ್ಞರಿಗೇ ನೇರವಾಗಿ ಹೇಳಿ. ಒಳ್ಳೆಯವರು ದಾರಿ ಬದಲಿಸುತ್ತಾರೆ ಅಥವಾ ಬೇರೆಯವರ ಹೆಸರು ಸೂಚಿಸುತ್ತಾರೆ. ಬಿಡುವ ಮುನ್ನ ಪರೀಕ್ಷೆಗಳ ವರದಿ ಮತ್ತು ಈವರೆಗೆ ಏನು ಮಾಡಿದೆವು ಎಂಬ ಒಂದು ಪುಟದ ಸಾರಾಂಶವನ್ನು ಕೇಳಿ ತೆಗೆದುಕೊಳ್ಳಿ. ಚಿಕಿತ್ಸೆ ಪಡೆದವರಿಗೆ ತಮ್ಮ ದಾಖಲೆಗಳನ್ನು ನೋಡುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಕೊಟ್ಟಿದೆ. ಆ ಹಾಳೆ ಕೈಯಲ್ಲಿದ್ದರೆ ಮುಂದಿನವರ ಬಳಿ ಮೊದಲ ಎರಡು ಸೆಷನ್ನಿನ ಹಣ ಉಳಿಯುತ್ತದೆ, ಮಗುವಿಗೆ ಅದೇ ಪ್ರಶ್ನೆಗಳಿಗೆ ಮತ್ತೆ ಉತ್ತರ ಹೇಳುವ ಬೇಸರ ತಪ್ಪುತ್ತದೆ.